ವಾಲ್ಕೆನ್‌ಬರ್ಗ್‌ನ ಕುದುರೆ ಸಂತೆ, 1618: ಸಂತೆ ಕಂಡವರು ಈ ಡಚ್ ಚಿತ್ರ ನೋಡಬೇಕು

ಕಾಲುವೆ ದಂಡೆ (ಶನಿವಾರ ರಾತ್ರಿ)

ಎಲ್ಲರಿಗೂ ನಮಸ್ಕಾರ. ಆಮ್‌ಸ್ಟರ್‌ಡ್ಯಾಂನ ರೈಕ್ಸ್‌ಮ್ಯೂಸಿಯಂಗೆ ಹೋದವರು ಹೆಚ್ಚಿನ ಪಾಲು ರೆಂಬ್ರಾಂಟ್ ನೋಡಿ, ಫರ್ಮೀರ್ ನೋಡಿ ಹೊರಗೆ ಬಂದುಬಿಡುತ್ತಾರೆ. ನಾನೂ ಎರಡು ಸಲ ಹಾಗೇ ಮಾಡಿದ್ದೆ. ಅದೇ ಮ್ಯೂಸಿಯಂನ ಸಂಗ್ರಹದಲ್ಲಿ ಒಂದು ಕುದುರೆ ಸಂತೆಯ ಚಿತ್ರ ಇದೆ. ಬರೆದವನು ಏಡ್ರಿಯಾನ್ ಫಾನ್ ಡೆ ವೆನ್ನೆ. ವರ್ಷ 1618. ಡೆಲ್ಫ್ಟ್ ಊರಿನಲ್ಲಿ 1589ರಲ್ಲಿ ಹುಟ್ಟಿದವನು, ಆಗ ಮಿಡೆಲ್‌ಬರ್ಗ್‌ನಲ್ಲಿ ಕೆಲಸ ಮಾಡುತ್ತಿದ್ದ. ಇನ್ನೂ ಮೂವತ್ತು ತುಂಬಿರಲಿಲ್ಲ.

ಚಿತ್ರದಲ್ಲಿ ಇಬ್ಬರು ರಾಜಕುಮಾರರಿದ್ದಾರೆ. ಮಾರಿಟ್ಸ್ ಮತ್ತು ಅವನ ಮಲತಮ್ಮ ಫ್ರೆಡೆರಿಕ್ ಹೆಂಡ್ರಿಕ್. ಚಿತ್ರದ ಹೆಸರಿನಲ್ಲೂ ಅವರೇ ಮೊದಲು. ಆದರೆ ಸ್ವಲ್ಪ ಹೊತ್ತು ನೋಡಿದರೆ ಕಣ್ಣು ಅವರ ಮೇಲೆ ನಿಲ್ಲುವುದಿಲ್ಲ. ಕುದುರೆಗಳ ಕಡೆ ಹೋಗುತ್ತದೆ, ಜನರ ಕಡೆ ಹೋಗುತ್ತದೆ. ಸಂತೆಯಲ್ಲಿ ದೊಡ್ಡ ಮನುಷ್ಯರು ಬಂದರೂ ಒಂದು ಗಳಿಗೆ ತಿರುಗಿ ನೋಡಿ ಮತ್ತೆ ನಮ್ಮ ವ್ಯಾಪಾರಕ್ಕೆ ಮರಳುತ್ತೇವಲ್ಲ, ಹಾಗೆ.

ನನಗೆ ತುಂಬಾ ದಿನದಿಂದ ಅನ್ನಿಸುತ್ತಿರುವುದು ಇದು. ಈ ಬಗೆಯ ಚಿತ್ರಗಳ ಬಗ್ಗೆ ಬರೆಯುವವರು ಬಣ್ಣ, ಬೆಳಕು, ಆಕಾಶ ಎಲ್ಲ ಹೇಳುತ್ತಾರೆ. ಪ್ರಾಣಿ ಕೊಂಡು ಮಾರಿ ಗೊತ್ತಿದ್ದವರು ಇದರಲ್ಲಿ ಏನು ನೋಡುತ್ತಾರೆ ಅಂತ ಯಾರೂ ಕೇಳುವುದಿಲ್ಲ. ಇಲ್ಲಿ ಅಂಥವರು ಇದ್ದೀರಿ ಅಂತ ಗೊತ್ತು. ಮ್ಯೂಸಿಯಂನ ಜಾಲತಾಣದಲ್ಲಿ ತಮ್ಮ ಚಿತ್ರಗಳನ್ನು ದೊಡ್ಡದು ಮಾಡಿ ನೋಡಲು ಬಿಟ್ಟಿದ್ದಾರೆ, ದುಡ್ಡು ಕೊಡಬೇಕಿಲ್ಲ. ನೋಡಿ ಬಂದು ಹೇಳಿ.

ಗುಡ್ಡದಾಚೆ (ಶನಿವಾರ ರಾತ್ರಿ)

ವಾಲ್ಕೆನ್‌ಬರ್ಗ್ ಅಂದ್ರೆ ದಕ್ಷಿಣದ ಲಿಂಬರ್ಗ್‌ನಲ್ಲಿ ಇರುವುದು ಅಲ್ವಾ? ನಾವು ಡಿಸೆಂಬರ್‌ನಲ್ಲಿ ಹೋಗಿದ್ದೆವು. ಗುಹೆಯೊಳಗೆ ಕ್ರಿಸ್‌ಮಸ್ ಮಾರುಕಟ್ಟೆ ಇತ್ತು, ಮೇಲೆ ಹಾಳುಬಿದ್ದ ಕೋಟೆ. ಅಲ್ಲಿ ಗುಡ್ಡ ಇದೆ. ಈ ಚಿತ್ರದ ನೆಲ ಹಾಗೆ ಕಾಣಲಿಲ್ಲ.

ಕಾಲುವೆ ದಂಡೆ (ಭಾನುವಾರ ಬೆಳಿಗ್ಗೆ)

ಅದು ಬೇರೆ ಊರು. ಹೆಸರು ಒಂದೇ ಆದ್ದರಿಂದ ತುಂಬ ಜನ ಹಾಗೆ ತಿಳಿಯುತ್ತಾರೆ. ಚಿತ್ರದ ವಾಲ್ಕೆನ್‌ಬರ್ಗ್ ಲೈಡನ್ ಹತ್ತಿರ, ಹಳೇ ರೈನ್ ನದಿಯ ದಂಡೆಯಲ್ಲಿದೆ. ಚಿಕ್ಕ ಊರು. ರೋಮನ್ನರ ಕಾಲದಲ್ಲಿ ಅಲ್ಲಿ ಸೈನ್ಯದ ಠಾಣೆ ಇತ್ತು. ಹೇಗ್ ನಗರದಿಂದಲೂ ದೂರವಿಲ್ಲ. ರಾಜಕುಮಾರರು ಬಂದು ಹೋಗುವುದಕ್ಕೆ ಸುಲಭ. ಸೆಪ್ಟೆಂಬರ್‌ನಲ್ಲಿ ಅಲ್ಲಿ ಈಗಲೂ ಕುದುರೆ ಸಂತೆ ನಡೆಯುತ್ತದೆ. 400 ವರ್ಷದ ಹಿಂದೆ ಚಿತ್ರವಾದ ಸಂತೆ ಇನ್ನೂ ನಿಂತಿಲ್ಲ ಅನ್ನುವುದೇ ನನಗೆ ಖುಷಿ.

ಹಳೇ ಕಡತ (ಭಾನುವಾರ ಬೆಳಿಗ್ಗೆ)

1618 ಅಂತ ಓದಿದ ಕೂಡಲೇ ಎದ್ದು ಕೂತೆ. ಆ ವರ್ಷ ಡಚ್ಚರಿಗೆ ಸುಮ್ನೆ ಒಂದು ವರ್ಷ ಅಲ್ಲ.

ಸ್ಪೇನ್ ಜೊತೆ ಅವರ ಯುದ್ಧ 1568ರಿಂದ 1648ರ ತನಕ ನಡೆಯಿತು. ನಡುವೆ 1609ರಿಂದ 1621ರವರೆಗೆ 12 ವರ್ಷ ಕದನವಿರಾಮ. ಹೊರಗಿನ ಯುದ್ಧ ನಿಂತಾಗ ಒಳಗಿನ ಜಗಳ ಶುರುವಾಯಿತು. ಧರ್ಮದ ವಿಚಾರಕ್ಕೆ ಎರಡು ಪಂಗಡ. ಒಂದು ಕಡೆ ಸೇನಾಪತಿ ಮಾರಿಟ್ಸ್. ಇನ್ನೊಂದು ಕಡೆ ಹಾಲೆಂಡಿನ ಹಿರಿಯ ಮುತ್ಸದ್ದಿ ಓಲ್ಡೆನ್‌ಬಾರ್ನೆವೆಲ್ಟ್. ಮಾರಿಟ್ಸ್ ಚಿಕ್ಕ ವಯಸ್ಸಿನಲ್ಲೇ ಅಧಿಕಾರಕ್ಕೆ ಬರಲು ಕಾರಣ ಅದೇ ಮುದುಕ. 1618ರ ಆಗಸ್ಟ್ 29ರಂದು ಮಾರಿಟ್ಸ್ ಅವನನ್ನು ಸೆರೆ ಹಿಡಿಸಿದ. ಮರುವರ್ಷ ಮೇ 13ಕ್ಕೆ ಹೇಗ್‌ನಲ್ಲಿ ಅವನ ತಲೆ ಕಡಿದರು. ಆಗ ಅವನಿಗೆ 71 ವರ್ಷ.

ಈಗ ಮತ್ತೆ ಚಿತ್ರ ನೋಡಿ. ಅದೇ ವರ್ಷ, ಅದೇ ಮಾರಿಟ್ಸ್, ತಮ್ಮನ ಜೊತೆ ಸಂತೆಯಲ್ಲಿದ್ದಾನೆ. ಚಿತ್ರಕಾರನ ಉದ್ದೇಶ ಇಂಥದ್ದೇ ಅಂತ ನಾನು ಹೇಳುತ್ತಿಲ್ಲ. ಆದರೆ ದೇಶವೇ ಎರಡು ಹೋಳಾಗಿದ್ದಾಗ ದೊರೆಯನ್ನು ರೈತರ ನಡುವೆ, ಕುದುರೆಗಳ ನಡುವೆ ನಿಲ್ಲಿಸಿ ತೋರಿಸಿದರೆ ನೋಡುವವರಿಗೆ ಏನೋ ಒಂದು ಭರವಸೆ ಸಿಗುತ್ತಿತ್ತು ಅನ್ನಿಸುತ್ತದೆ.

ಇನ್ನೊಂದು ಮಾತು. ಮಾರಿಟ್ಸ್‌ಗೆ ಕುದುರೆ ಅಂದರೆ ಪ್ರಾಣ. 1600ರ ಜುಲೈ 2ರಂದು ನ್ಯೂಪೋರ್ಟ್ ಕದನದಲ್ಲಿ ಸ್ಪೇನ್ ಕಡೆಯ ಆರ್ಚ್‌ಡ್ಯೂಕ್ ಆಲ್ಬರ್ಟ್‌ನ ಬಿಳಿ ಕುದುರೆ ಇವರ ಕೈಗೆ ಸಿಕ್ಕಿತು. ಅದನ್ನು ಮಾರಿಟ್ಸ್‌ಗೆ ಕೊಟ್ಟರು. ಅವನು 1603ರಲ್ಲಿ ಯಾಕಬ್ ಡೆ ಗೈನ್ ಎಂಬ ಚಿತ್ರಕಾರನಿಂದ ಆ ಕುದುರೆಯ ಚಿತ್ರ ಬರೆಸಿದ, ನಿಜವಾದ ಕುದುರೆಯಷ್ಟೇ ದೊಡ್ಡದಾಗಿ. ಅದೂ ರೈಕ್ಸ್‌ಮ್ಯೂಸಿಯಂನಲ್ಲೇ ಇದೆ. ದೊರೆಗೆ ಕುದುರೆ ಸಂತೆ ಎಂದರೆ ಬರೀ ತಿರುಗಾಟ ಅಲ್ಲ. ಸೈನ್ಯಕ್ಕೆ ಕುದುರೆ ಬೇಕು. ಕದನವಿರಾಮ ಮುಗಿಯಲು ಇನ್ನು ಮೂರೇ ವರ್ಷ ಉಳಿದಿತ್ತು.

ಗೊರಸು (ಭಾನುವಾರ ಮಧ್ಯಾಹ್ನ)

ನಾನು ಪಶುವೈದ್ಯ, ಮೂವತ್ತು ವರ್ಷ ಸರ್ಕಾರಿ ಕೆಲಸ ಮಾಡಿ ಈಗ ಹಾಸನದಲ್ಲಿ ಮನೆಯಲ್ಲಿದ್ದೇನೆ. ಚಿತ್ರಕಲೆ ನನಗೆ ಗೊತ್ತಿಲ್ಲ. ಆದರೆ ನೀವು ಕೇಳಿದ್ದು ನಮ್ಮಂಥವರನ್ನೇ, ಅದಕ್ಕೆ ಬರೆಯುತ್ತಿದ್ದೇನೆ.

ಈ ಬಗೆಯ ಡಚ್ ಚಿತ್ರಗಳನ್ನು ನಿನ್ನೆಯಿಂದ ಒಂದಾದ ಮೇಲೆ ಒಂದು ನೋಡುತ್ತಿದ್ದೇನೆ. ಕುದುರೆ ಕೊಳ್ಳುವವನು ನೋಡುವ ಜಾಗ ಮೂರು. ಬಾಯಿ, ಕಾಲು, ನಡಿಗೆ.

ಬಾಯಿಂದ ವಯಸ್ಸು ತಿಳಿಯುತ್ತದೆ. ಕುದುರೆಯ ಮುಂದಿನ ಹಾಲು ಹಲ್ಲು ಬಿದ್ದು ಹೊಸದು ಬರುವುದು ಸುಮಾರು ಎರಡೂವರೆ, ಮೂರೂವರೆ, ನಾಲ್ಕೂವರೆ ವರ್ಷಕ್ಕೆ, ಒಂದೊಂದು ಜೋಡಿ. 5 ವರ್ಷಕ್ಕೆ ಬಾಯಿ ತುಂಬುತ್ತದೆ. ಆಮೇಲೆ ಹಲ್ಲಿನ ಮೇಲಿರುವ ಕಪ್ಪು ಕುಳಿ ಸವೆಯುತ್ತಾ ಹೋಗುತ್ತದೆ. ಕೆಳದವಡೆಯ ನಡುವಿನ ಜೋಡಿಯಲ್ಲಿ 6ಕ್ಕೆ, ಪಕ್ಕದ್ದರಲ್ಲಿ 7ಕ್ಕೆ, ಮೂಲೆಯದರಲ್ಲಿ 8ಕ್ಕೆ. ಸುಮಾರು 10 ವರ್ಷಕ್ಕೆ ಮೇಲಿನ ಮೂಲೆ ಹಲ್ಲಿನಲ್ಲಿ ಉದ್ದಕ್ಕೆ ಒಂದು ಗೆರೆ ಕಾಣಿಸಿಕೊಳ್ಳುತ್ತದೆ. ಅದು 20ಕ್ಕೆ ಹಲ್ಲಿನ ತುದಿ ಮುಟ್ಟುತ್ತದೆ. ಇದು ಗೊತ್ತಿದ್ದ ಕಳ್ಳ ವ್ಯಾಪಾರಿಗಳು ಹಲ್ಲಿಗೆ ಮತ್ತೆ ಕುಳಿ ಕೊರೆದು, ಸುಟ್ಟು ಕಪ್ಪು ಮಾಡಿ, ಮುದಿ ಕುದುರೆಯನ್ನು ಪ್ರಾಯದ್ದೆಂದು ಮಾರುತ್ತಿದ್ದರು. ಯುರೋಪಿನಲ್ಲಿ ಇದು ಹಳೇ ಮೋಸ. ಆದ್ದರಿಂದ ಚಿತ್ರದಲ್ಲಿ ಯಾರಾದರೂ ಕುದುರೆ ಬಾಯಿ ಬಿಡಿಸುತ್ತಿದ್ದರೆ ಅದು ಸುಮ್ನೆ ಅಂದಕ್ಕೆ ಹಾಕಿದ್ದಲ್ಲ. ಆ ಗಳಿಗೆಯಲ್ಲೇ ಬೆಲೆ ತೀರ್ಮಾನ ಆಗುವುದು.

ಕಾಲು ನಿಂತಲ್ಲೇ ನೋಡಿದರೆ ಸಾಲದು. ಓಡಿಸಿ ನೋಡಬೇಕು. ಗಟ್ಟಿ ನೆಲದ ಮೇಲೆ ಓಡಿಸಿದರೆ ಕುಂಟು ಬೇಗ ಗೊತ್ತಾಗುತ್ತದೆ, ಮೆತ್ತನೆ ಹುಲ್ಲಿನ ಮೇಲೆ ಅಡಗಿಬಿಡುತ್ತದೆ. ಸಂತೆಯ ಚಿತ್ರಗಳಲ್ಲಿ ಜನ ಕುದುರೆ ಓಡಿಸುತ್ತಿರುವುದು ಕಂಡರೆ ಅದು ಆಟ ಅಲ್ಲ, ಪರೀಕ್ಷೆ.

ಇನ್ನು ಬಿಳಿ ಕುದುರೆಯ ವಿಷಯ. ನಾವು ಬಿಳಿ ಅನ್ನುವ ಕುದುರೆಗಳಲ್ಲಿ ಹೆಚ್ಚಿನವು ಹುಟ್ಟುವಾಗ ಕಪ್ಪೋ ಕಂದೋ ಇರುತ್ತವೆ. ಕೆಳಗೆ ಚರ್ಮ ಕಪ್ಪೇ. ವರ್ಷ ಕಳೆದಂತೆ ಕೂದಲು ನೆರೆಯುತ್ತದೆ. ಪೂರ್ತಿ ಬೆಳ್ಳಗಾಗಲು ಸಾಮಾನ್ಯವಾಗಿ ಆರೇಳು ವರ್ಷವಾದರೂ ಬೇಕು. ಆದ್ದರಿಂದ ಸಂತೆಯಲ್ಲಿ ಅಚ್ಚ ಬಿಳಿ ಕುದುರೆ ತಂದು ನಾಲ್ಕು ವರ್ಷದ್ದು ಅಂದರೆ ನಾನು ಮೊದಲು ಬಾಯಿ ಬಿಡಿಸುತ್ತೇನೆ.

ನೀಲಿ ಮಸಿ (ಭಾನುವಾರ ಮಧ್ಯಾಹ್ನ)

ಡಾಕ್ಟ್ರೇ, ಬಿಳಿ ಕುದುರೆ ಅಂದಿರಿ, ನಾನು ಇಷ್ಟಪಡುವ ಚಿತ್ರಕಾರ ನೆನಪಾದ. ಫಿಲಿಪ್ಸ್ ವೌವರ್ಮನ್. ಹಾರ್ಲೆಮ್ ಊರಿನವನು, 1619ರಲ್ಲಿ ಹುಟ್ಟಿ 1668ರಲ್ಲಿ ತೀರಿಕೊಂಡ. ಐವತ್ತೂ ತುಂಬಲಿಲ್ಲ. ಆದರೂ ನೂರಾರು ಚಿತ್ರ ಬರೆದ. ಹೆಚ್ಚುಕಡಿಮೆ ಎಲ್ಲದರಲ್ಲೂ ಕುದುರೆ. ಅದರಲ್ಲೂ ಒಂದು ಬಿಳಿ ಕುದುರೆ ಎಲ್ಲೋ ಒಂದು ಕಡೆ ಇದ್ದೇ ಇರುತ್ತದೆ. ಅವನ ರುಜು ಇದ್ದ ಹಾಗೆ ಅಂತ ಜನ ಹೇಳುತ್ತಾರೆ. ಕಂದು ನೆಲ, ಬೂದು ಆಕಾಶದ ನಡುವೆ ಕಣ್ಣು ಮೊದಲು ಅಲ್ಲಿಗೇ ಹೋಗುತ್ತದೆ. ಅಲ್ಲಿಂದ ಉಳಿದ ಗುಂಪಿಗೆ ದಾರಿ ಸಿಗುತ್ತದೆ.

ಲಂಡನ್ನಿನ ವ್ಯಾಲೇಸ್ ಸಂಗ್ರಹದಲ್ಲಿ ಅವನ ಕುದುರೆ ಸಂತೆಯ ಚಿತ್ರವಿದೆ. ಜರ್ಮನಿಯ ಡ್ರೆಸ್ಡೆನ್‌ನಲ್ಲಿ ಅವನ ಚಿತ್ರಗಳ ದೊಡ್ಡ ರಾಶಿಯೇ ಇದೆ. 18ನೇ ಶತಮಾನದ ಅರಸರು ಅವನ ಚಿತ್ರಕ್ಕೆ ಮುಗಿಬಿದ್ದಿದ್ದರು. ಈಗ ಅವನ ಹೆಸರು ಹೇಳಿದರೆ ಗೊತ್ತಾಗುವವರು ಕಡಿಮೆ. ನನಗೆ ನಿಜಕ್ಕೂ ಬೇಜಾರಾಗುತ್ತದೆ.

ಅವನ ಸಂತೆ ಚಿತ್ರಗಳಲ್ಲಿ ನನಗೆ ಇಷ್ಟ ಆಗುವುದು ಒಂದು ಗುಣ. ಯಾರನ್ನೂ ಆಡಿಕೊಳ್ಳುವುದಿಲ್ಲ. ಆ ಕಾಲದ ಎಷ್ಟೋ ಚಿತ್ರಗಳಲ್ಲಿ ರೈತರೆಂದರೆ ಕುಡಿದು ಬಿದ್ದವರು, ಬಾಯಿ ಸೊಟ್ಟ ಮಾಡಿದವರು. ವೌವರ್ಮನ್‌ನ ರೈತ ತನ್ನ ಕೆಲಸ ಗೊತ್ತಿರುವ ಮನುಷ್ಯ.

ಅಡ್ಡಗೋಡೆ (ಭಾನುವಾರ ಸಂಜೆ)

ಒಂದು ಭಿನ್ನಾಭಿಪ್ರಾಯ ಇದೆ, ಹೇಳಲೇಬೇಕು. ಫಾನ್ ಡೆ ವೆನ್ನೆ ಬರೀ ಕಂಡದ್ದನ್ನು ಬರೆಯುವವನಲ್ಲ. ಕವಿ ಯಾಕೊಬ್ ಕಾಟ್ಸ್‌ನ ನೀತಿಚಿತ್ರಗಳ ಪುಸ್ತಕಕ್ಕೆ ಚಿತ್ರ ಬರೆದುಕೊಟ್ಟವನು ಇವನೇ. ಅದು ಮಿಡೆಲ್‌ಬರ್ಗ್‌ನಲ್ಲಿ ಬಂದದ್ದು ಇದೇ 1618ರಲ್ಲಿ. ಮುಂದೆ ಹೇಗ್‌ಗೆ ಹೋದ ಮೇಲೆ ಭಿಕ್ಷುಕರು, ಕುಂಟರು, ಬಡವರ ಚಿತ್ರಗಳನ್ನು ಬರೇ ಬೂದು ಕಂದು ಬಣ್ಣದಲ್ಲಿ ಬರೆದು, ಅದರೊಳಗೇ ಗಾದೆ ಮಾತು ಬರೆಯುತ್ತಿದ್ದ. 1614ರ ಅವನ ಇನ್ನೊಂದು ಚಿತ್ರದಲ್ಲಿ ಒಂದು ನದಿ. ಎರಡು ದಡದಲ್ಲಿ ಎರಡು ಧರ್ಮಪಂಗಡ. ನೀರಲ್ಲಿ ಮುಳುಗುವ ಜನರನ್ನು ಎರಡೂ ಕಡೆಯವರು ಮೀನು ಹಿಡಿದಂತೆ ದೋಣಿಗೆ ಎಳೆದುಕೊಳ್ಳುತ್ತಿದ್ದಾರೆ. ಇಂಥವನು ಸಂತೆ ಬರೆದಾಗ ಒಳಗೊಂದು ಮಾತು ಇಟ್ಟೇ ಇರುತ್ತಾನೆ. ಮೋಸ, ದುಡ್ಡು, ಲೋಕದ ಗದ್ದಲ, ಹೀಗೆ ಏನೋ ಒಂದು. ಇದನ್ನು ಬರೇ ಸಂತೆ ಅಂತ ನೋಡಿದರೆ ಅರ್ಧ ನೋಡಿದ ಹಾಗೆ.

ಕಾಲುವೆ ದಂಡೆ (ಭಾನುವಾರ ಸಂಜೆ)

ಈ ವಾದ ಹಳೆಯದು. ಓದಿದವರೇ ಎರಡು ಪಕ್ಷ ಆಗಿದ್ದಾರೆ. ಪ್ರತಿ ಚಿತ್ರದಲ್ಲೂ ನೀತಿ ಹುಡುಕುವವರು ಒಂದು ಕಡೆ. ಡಚ್ಚರಿಗೆ ಕಂಡದ್ದನ್ನು ಕಂಡ ಹಾಗೆ ಬರೆಯುವುದೇ ಸುಖವಾಗಿತ್ತು ಅನ್ನುವವರು ಇನ್ನೊಂದು ಕಡೆ.

ನನ್ನ ಮಾತು ಇಷ್ಟೇ. ನೀತಿ ಹೇಳಬೇಕು ಅಂದಾಗ ಇದೇ ಚಿತ್ರಕಾರ ಗಾದೆಯನ್ನೇ ಅಕ್ಷರದಲ್ಲಿ ಬರೆದು ತೋರಿಸುತ್ತಿದ್ದ. ಮುಚ್ಚಿಡುವ ಸ್ವಭಾವ ಅವನದ್ದಲ್ಲ. ಬ್ರಿಟಿಷ್ ಮ್ಯೂಸಿಯಂನಲ್ಲಿ ಅವನ ಜಲವರ್ಣದ ಆಲ್ಬಂ ಇದೆ, 100ಕ್ಕೂ ಜಾಸ್ತಿ ಚಿಕ್ಕ ಚಿತ್ರಗಳು. ಅದನ್ನು ನೋಡಿದರೆ ದಿನದಿನದ ಬದುಕನ್ನು ಎಷ್ಟು ಪ್ರೀತಿಯಿಂದ ಕಂಡಿದ್ದಾನೆ ಅಂತ ಗೊತ್ತಾಗುತ್ತದೆ.

ಇಂಥ ಚಿತ್ರಗಳಿಗೆ ನಾವು ಈಗ ಹೇಳುವ 'ಜಾನ್ರ್' ಅನ್ನುವ ಹೆಸರೂ ಆಗ ಇರಲಿಲ್ಲ. ಅದು ಫ್ರೆಂಚರು ಆಮೇಲೆ ಕೊಟ್ಟದ್ದು. ಆಗಿನ ಡಚ್ಚರು ಚಿತ್ರದಲ್ಲಿ ಏನಿದೆಯೋ ಅದನ್ನೇ ಹೆಸರಾಗಿ ಹೇಳುತ್ತಿದ್ದರು. ರೈತರ ಹಬ್ಬ, ಗೆಳೆಯರ ಕೂಟ, ಕುದುರೆ ಸಂತೆ. ಮತ್ತೆ ಆ ಚಿತ್ರಗಳೂ ಸಂತೆಯಲ್ಲೇ ಮಾರಾಟ ಆಗುತ್ತಿದ್ದವು. 1641ರ ಆಗಸ್ಟ್‌ನಲ್ಲಿ ಜಾನ್ ಎವೆಲಿನ್ ಅನ್ನುವ ಇಂಗ್ಲಿಷ್ ಪ್ರವಾಸಿ ರಾಟರ್‌ಡ್ಯಾಂ ಜಾತ್ರೆಗೆ ಹೋಗಿ ಅಲ್ಲಿ ಚಿತ್ರಗಳ ರಾಶಿ ಕಂಡು ಬೆರಗಾಗಿ ದಿನಚರಿಯಲ್ಲಿ ಬರೆದಿಟ್ಟಿದ್ದಾನೆ. ರೈತರೂ ಕೊಳ್ಳುತ್ತಾರೆ ಅಂತ ಅವನ ಮಾತು. ಸ್ವಲ್ಪ ಉತ್ಪ್ರೇಕ್ಷೆ ಇರಬಹುದು. ಆದರೂ ಸಂತೆ ಕಂಡ ಮನುಷ್ಯ ಸಂತೆಯ ಚಿತ್ರ ಕೊಂಡು ಮನೆಗೆ ಒಯ್ದು ಗೋಡೆಗೆ ಹಾಕುವುದು ನೆನೆದರೆ ನನಗೆ ಮೈ ಜುಮ್ ಅನ್ನುತ್ತದೆ.

ಮುಂಗಾರು (ಭಾನುವಾರ ರಾತ್ರಿ)

ಒಂದು ಪ್ರಶ್ನೆ. ನಮ್ಮ ಮನೆಯಲ್ಲಿ ಎರಡು ಎಚ್.ಎಫ್. ಹಸು ಇವೆ. ಡೇರಿಗೆ ಹಾಲು ಹಾಕುತ್ತೇವೆ. ಈ ಎಚ್.ಎಫ್. ತಳಿಯ ಮೂಲ ಹಾಲೆಂಡ್ ಕಡೆಯದು ಅಂತ ಕೇಳಿದ್ದೇನೆ. ಹಾಗಿದ್ದರೆ ಈ ಹಳೇ ಡಚ್ ಚಿತ್ರಗಳಲ್ಲಿ ಕಪ್ಪು ಬಿಳಿ ಹಸು ಯಾಕೆ ಅಷ್ಟಾಗಿ ಕಾಣುವುದಿಲ್ಲ? ಎಲ್ಲ ಕೆಂದ, ಕಂದು ಬಣ್ಣದವೇ.

ಗೊರಸು (ಭಾನುವಾರ ರಾತ್ರಿ)

ಒಳ್ಳೇ ಕಣ್ಣು ಕಣಮ್ಮ ನಿಮ್ಮದು. ಹೌದು, ಹೋಲ್‌ಸ್ಟೈನ್ ಫ್ರೀಸಿಯನ್‌ನ ಬೇರು ಫ್ರೀಸ್‌ಲ್ಯಾಂಡ್ ಮತ್ತು ಉತ್ತರ ಜರ್ಮನಿ ಕಡೆಯದು. ಆದರೆ 17ನೇ ಶತಮಾನದಲ್ಲಿ ಅಲ್ಲಿನ ದನ ಹೆಚ್ಚಾಗಿ ಕೆಂಪು, ಕಂದು, ಬೂದು, ಮಚ್ಚೆಯವು. 18ನೇ ಶತಮಾನದಲ್ಲಿ ದನಗಳಿಗೆ ಬರುತ್ತಿದ್ದ ದೊಡ್ಡಮ್ಮ ರೋಗ (ರಿಂಡರ್‌ಪೆಸ್ಟ್) ಆ ದೇಶಕ್ಕೆ ಮೂರು ಸಲ ಬಂತು. 1713ರಿಂದ ಒಂದು ಸಲ, 1744ರಿಂದ ಇನ್ನೊಂದು ಸಲ, 1769ರಿಂದ ಮತ್ತೊಂದು ಸಲ. ಕೊಟ್ಟಿಗೆ ಕೊಟ್ಟಿಗೆಯೇ ಖಾಲಿ. ಆಮೇಲೆ ಹೊರಗಿನಿಂದ ದನ ತಂದು ಮಂದೆ ಕಟ್ಟಿದರು. 19ನೇ ಶತಮಾನದಲ್ಲಿ ಅಮೆರಿಕದವರು ಕಪ್ಪು ಬಿಳಿಯನ್ನೇ ಕೇಳಿ ಕೊಂಡರು. ವಂಶಾವಳಿ ಪುಸ್ತಕ ಶುರುವಾದದ್ದು 1870ರ ದಶಕದಲ್ಲಿ. ಹಾಗೆ ಬಣ್ಣ ಒಂದೇ ಕಡೆ ವಾಲಿತು. ನಿಮ್ಮ ಕೊಟ್ಟಿಗೆಯ ಹಸುಗಳ ಮುತ್ತಜ್ಜಿಯರು ಈ ಚಿತ್ರಗಳಲ್ಲಿ ಕೆಂಪು ಬಣ್ಣದಲ್ಲಿ ನಿಂತಿದ್ದಾರೆ ಅಂದುಕೊಳ್ಳಿ.

ಹಳೇ ಕಡತ (ಭಾನುವಾರ ರಾತ್ರಿ)

ದನದ ವಿಷಯ ಬಂತಲ್ಲ, ಸೇರಿಸುತ್ತೇನೆ. ಡಚ್ ಚಿತ್ರಗಳಲ್ಲಿ ಕಾಣುವ ಎತ್ತುಗಳೆಲ್ಲ ಅಲ್ಲಿಯವೇ ಅಲ್ಲ. ಡೆನ್ಮಾರ್ಕ್‌ನಿಂದ ವರ್ಷ ವರ್ಷ ಸಾವಿರಗಟ್ಟಲೆ ಎತ್ತುಗಳನ್ನು ನೂರಾರು ಕಿಲೋಮೀಟರ್ ನಡೆಸಿಕೊಂಡೋ ಹಡಗಿನಲ್ಲೋ ತರುತ್ತಿದ್ದರು. ಬರುವಾಗ ಎಲುಬು ಎಣಿಸುವ ಹಾಗೆ ಬಡಕಲು. ವಸಂತದಲ್ಲಿ ಎಂಕ್‌ಹೌಜನ್, ಹೋರ್ನ್ ಊರುಗಳ ಸಂತೆಯಲ್ಲಿ ಮಾರಾಟ. ಬೇಸಿಗೆಯಿಡೀ ಒದ್ದೆ ಹುಲ್ಲುಗಾವಲಲ್ಲಿ ಮೇಯಿಸಿ ಕೊಬ್ಬಿಸುತ್ತಿದ್ದರು. ನವೆಂಬರ್‌ನಲ್ಲಿ ಕಡಿದು ಉಪ್ಪು ಹಾಕಿ ಚಳಿಗಾಲಕ್ಕೆ ಇಡುತ್ತಿದ್ದರು. ಡಚ್ಚರು ನವೆಂಬರ್ ತಿಂಗಳನ್ನೇ 'ಕಡಿಯುವ ತಿಂಗಳು' ಅನ್ನುತ್ತಿದ್ದರು.

ಬಣ್ಣದ ಡಬ್ಬಿ (ಸೋಮವಾರ ಬೆಳಿಗ್ಗೆ)

ಕುದುರೆ ಸಂತೆ ಅಂದರೆ ರೋಸಾ ಬಾನರ್ ಹೆಸರು ಬರಲೇಬೇಕಲ್ಲ? ಐದು ಮೀಟರ್ ಉದ್ದದ ಚಿತ್ರ, ನ್ಯೂಯಾರ್ಕ್‌ನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿದೆ. ಪ್ಯಾರಿಸ್‌ನ ಸಂತೆಗೆ ಗಂಡಸರ ಬಟ್ಟೆ ಹಾಕಿಕೊಂಡು ಹೋಗಿ ಕುದುರೆಗಳನ್ನು ಕಲಿತಳು.

ನೀಲಿ ಮಸಿ (ಸೋಮವಾರ ಬೆಳಿಗ್ಗೆ)

ಅದ್ಭುತವಾದ ಚಿತ್ರ, ಎರಡು ಮಾತಿಲ್ಲ. ಆದರೆ ಅದು 1850ರ ದಶಕದ್ದು, ಫ್ರಾನ್ಸಿನದು. ಅಲ್ಲಿ ಕುದುರೆಗಳ ಬಲವೇ ಚಿತ್ರ ತುಂಬಿದೆ. ಡಚ್ಚರ ಸಂತೆಯಲ್ಲಿ ಕುದುರೆ, ಮನುಷ್ಯ, ನಾಯಿ, ಮಗು ಎಲ್ಲರಿಗೂ ಒಂದೊಂದು ಮೂಲೆ ಇದೆ. ಅದು ಬೇರೆ ರುಚಿ.

ಟವೆಲ್ ಕೆಳಗೆ (ಸೋಮವಾರ ರಾತ್ರಿ)

ಎಲ್ಲವನ್ನೂ ಓದಿದೆ. ನಮ್ಮ ತಂದೆ ನಲವತ್ತು ವರ್ಷ ದನದ ದಲ್ಲಾಳಿ. ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಗೆ ಒಂದು ವರ್ಷವೂ ತಪ್ಪಿಸಿದವರಲ್ಲ. ನಮ್ಮಲ್ಲಿ ಬೆಲೆ ಕಟ್ಟುವುದು ಟವೆಲ್ ಕೆಳಗೆ ಬೆರಳು ಹಿಡಿದು ಅಂತ ನಿಮಗೆಲ್ಲ ಗೊತ್ತು. ಬಾಯಿ ಬಿಡುವ ಹಾಗಿಲ್ಲ. ಪಕ್ಕದವನಿಗೆ ರೇಟು ಗೊತ್ತಾಗಬಾರದು.

ಹಾಲೆಂಡಿನ ಸಂತೆಗಳಲ್ಲಿ ಹೇಗೆ ಅಂತ ಹುಡುಕಿ ವಿಡಿಯೋ ನೋಡಿದೆ. ಅಲ್ಲಿ ಉಲ್ಟಾ! ಇಬ್ಬರೂ ಎದುರು ಬದುರು ನಿಂತು ಕೈಗೆ ಕೈ ಪಟಪಟ ಹೊಡೆಯುತ್ತಾ ಜೋರಾಗಿ ರೇಟು ಕೂಗುತ್ತಾರೆ. ಒಬ್ಬ ಒಂದು ಬೆಲೆ ಹೇಳಿ ಹೊಡೆಯುತ್ತಾನೆ, ಇನ್ನೊಬ್ಬ ಕಡಿಮೆ ಹೇಳಿ ಹೊಡೆಯುತ್ತಾನೆ. ಒಪ್ಪಿಗೆಯಾದರೆ ಕೊನೆಯ ಏಟು. ಅದಕ್ಕೆ 'ಹಾಂಟ್ಯೆಕ್ಲಾಪ್' ಅಂತ ಹೆಸರು. ಸುತ್ತ ನಿಂತವರೆಲ್ಲ ಸಾಕ್ಷಿ. ನಮ್ಮಲ್ಲಿ ಗುಟ್ಟು, ಅಲ್ಲಿ ಬಯಲು. ಎರಡು ಕಡೆಯೂ ಕೈ ಬಿಟ್ಟ ಮೇಲೆ ಮಾತು ತಪ್ಪುವ ಹಾಗಿಲ್ಲ.

ಇವತ್ತು ಸಂಜೆ ತಂದೆಗೆ ಆ 1618ರ ಚಿತ್ರವನ್ನೂ ವೌವರ್ಮನ್‌ನ ಎರಡು ಮೂರು ಚಿತ್ರಗಳನ್ನೂ ಫೋನ್‌ನಲ್ಲಿ ತೋರಿಸಿದೆ. ಕನ್ನಡಕ ಹಾಕಿಕೊಂಡು ತುಂಬಾ ಹೊತ್ತು ನೋಡಿದರು. ರಾಜಕುಮಾರರ ಬಗ್ಗೆ ಹೇಳಿದೆ, ಹೂಂ ಅಂದರು. ಆಮೇಲೆ ಒಂದೇ ಪ್ರಶ್ನೆ. "ಇಷ್ಟು ಪ್ರಾಣಿ ಸೇರಿಸಿದಾರಲ್ಲ, ನೀರಿಗೆ ಏನು ಮಾಡಿದಾರೆ?"

ನನ್ನ ಹತ್ತಿರ ಉತ್ತರ ಇರಲಿಲ್ಲ.

ಕಾಲುವೆ ದಂಡೆ (ಸೋಮವಾರ ರಾತ್ರಿ)

ನಾನು ಕೇಳಿದ್ದು ಇದನ್ನೇ. ಈ ಪ್ರಶ್ನೆಯನ್ನು ಇಷ್ಟು ವರ್ಷದಲ್ಲಿ ಯಾವ ಲೇಖನದಲ್ಲೂ ನಾನು ಓದಿಲ್ಲ.

ನಿಮ್ಮ ತಂದೆಯವರಿಗೆ ಹೇಳಿ, ಊರಿನ ಪಕ್ಕದಲ್ಲೇ ಹಳೇ ರೈನ್ ನದಿ ಇದೆ. ಸಿಹಿನೀರು. ಜೊತೆಗೆ ಆ ಬಯಲಿನಲ್ಲಿ ಹೆಜ್ಜೆಗೊಂದು ಕಾಲುವೆ. ವೌವರ್ಮನ್ ಕೂಡ ಕುದುರೆಗೆ ನೀರು ಕುಡಿಸುವುದನ್ನು, ನದಿಯಲ್ಲಿ ಮೈ ತೊಳೆಸುವುದನ್ನು ಮತ್ತೆ ಮತ್ತೆ ಬರೆದಿದ್ದಾನೆ. ಅವು ನನಗೆ ಇಲ್ಲಿಯವರೆಗೆ ಬರೀ ಅಂದವಾದ ನೋಟವಾಗಿತ್ತು. ಈಗ ಎಲ್ಲವನ್ನೂ ಮತ್ತೆ ತೆಗೆದು ನೋಡುತ್ತಿದ್ದೇನೆ.

ಸೆಪ್ಟೆಂಬರ್‌ನಲ್ಲಿ ವಾಲ್ಕೆನ್‌ಬರ್ಗ್ ಸಂತೆಗೆ ಹೋಗುತ್ತೇನೆ. ಅಲ್ಲಿ ಈಗ ಕುದುರೆಗಳಿಗೆ ಎಲ್ಲಿ ನೀರು ಕೊಡುತ್ತಾರೆ ಅಂತ ನೋಡಿ ಫೋಟೋ ತೆಗೆದು ಹಾಕುತ್ತೇನೆ. ಅವರಿಗೆ ಇನ್ನೇನಾದರೂ ಕೇಳಬೇಕಿದ್ದರೆ ಅಷ್ಟರೊಳಗೆ ಬರೆಯಿರಿ, ವಿಚಾರಿಸಿಕೊಂಡು ಬರುತ್ತೇನೆ.

ಟವೆಲ್ ಕೆಳಗೆ (ಮಂಗಳವಾರ ಬೆಳಿಗ್ಗೆ)

ಹೇಳಿದೆ. ಮೇವು ಎಲ್ಲಿಂದ ತರಿಸ್ತಾರೆ, ಒಂದು ಕಟ್ಟಿಗೆ ಎಷ್ಟು, ಕೇಳಿಕೊಂಡು ಬರಬೇಕಂತೆ.